ಹೂವಿನ ಕೇಕ್ ಕೆಟ್ಟರೆ ಹೂವನ್ನೇ ಬೈಯಬೇಡಿ: ಮನೆ ಬೇಕಿಂಗ್‌ಗೊಂದು ದೋಷ ನಿವಾರಣೆ ಕೈಪಿಡಿ

ಮೈಸೂರು, ಮಂಡ್ಯ ಕಡೆ ಹೂವಿಗೆ ಬರವಿಲ್ಲ. ದೇವರಾಜ ಮಾರುಕಟ್ಟೆಯಲ್ಲಿ ಮಲ್ಲಿಗೆ ಮಾರು ಲೆಕ್ಕದಲ್ಲಿ ಸಿಗುತ್ತದೆ. ಹಿತ್ತಲಲ್ಲಿ ದಾಸವಾಳ ಇರುತ್ತದೆ, ಬೇಲಿ ಮೇಲೆ ಶಂಖಪುಷ್ಪ ಹಬ್ಬಿರುತ್ತದೆ. ಮನೆಗೆ ಒಟಿಜಿ (ಕೇಕ್ ಬೇಯಿಸುವ ಕರೆಂಟಿನ ಒಲೆ) ಬಂದ ಮೇಲೆ ಗುಲಾಬಿ ಕೇಕ್, ಮಲ್ಲಿಗೆ ಬಿಸ್ಕತ್ತು, ಕೇಸರಿ ನಾನ್‌ಖಟಾಯಿ ಮಾಡೋಣ ಅನ್ನಿಸುವುದು ಸಹಜ. ಮಾಡಿದ್ದು ಸೋಪಿನ ಹಾಗೆ ಇರುತ್ತದೆ, ಇಲ್ಲವೇ ಹೂವಿನ ಸುಳಿವೇ ಇರುವುದಿಲ್ಲ. ಆಗ ಎಲ್ಲರೂ ಹೂವನ್ನು ಬೈಯುತ್ತಾರೆ. ಆದರೆ ಹೆಚ್ಚಿನ ಸಲ ತಪ್ಪಿರುವುದು ಅಡುಗೆ ಸೋಡಾದಲ್ಲಿ, ಇಲ್ಲವೇ ಶಾಖದಲ್ಲಿ.

ನಿಮ್ಮ ಕೇಕಿನಲ್ಲಿ ಕಾಣಿಸಿದ ಲಕ್ಷಣ ಯಾವುದೋ ಆ ಭಾಗಕ್ಕೆ ಹೋಗಿ. ಪ್ರತಿ ಭಾಗದಲ್ಲೂ ಖರ್ಚಿಲ್ಲದ ಪರೀಕ್ಷೆಯನ್ನು ಮೊದಲು ಹೇಳಿದ್ದೇನೆ. ಒಂದು ಸಲಕ್ಕೆ ಒಂದನ್ನೇ ಬದಲಿಸಿ. ಸೋಡಾ, ಹೂವು, ಒಲೆಯ ಶಾಖ ಮೂರನ್ನೂ ಒಟ್ಟಿಗೆ ಬದಲಿಸಿದರೆ ಕೇಕ್ ಸರಿಹೋದರೂ ಯಾವುದರಿಂದ ಅಂತ ಗೊತ್ತಾಗುವುದಿಲ್ಲ.

ತಿಂದ ಮೇಲೆ ತುಟಿ ಊದಿದೆ, ಗಂಟಲು ತುರಿಸುತ್ತಿದೆ, ವಾಂತಿ ಆಗುತ್ತಿದೆ

ಇದು ಕೇಕಿನ ದೋಷ ಹುಡುಕುವ ಹೊತ್ತಲ್ಲ. ತಿನ್ನುವುದನ್ನು ನಿಲ್ಲಿಸಿ. ಉಸಿರಾಟಕ್ಕೆ ತೊಂದರೆ, ತಲೆ ಸುತ್ತು, ಎದೆ ಬಡಿತದಲ್ಲಿ ಏರುಪೇರು ಇದ್ದರೆ 108ಕ್ಕೆ ಫೋನ್ ಮಾಡಿ. ಉಪ್ಪುನೀರು ಕುಡಿಸಿ ವಾಂತಿ ಮಾಡಿಸಲು ಹೋಗಬೇಡಿ. ಉಳಿದ ಕೇಕಿನ ತುಂಡು, ಹಾಕಿದ ಹೂವು, ಎಸೆನ್ಸ್ ಬಾಟಲಿ ಎಲ್ಲವನ್ನೂ ಒಂದು ಕವರಿಗೆ ಹಾಕಿಕೊಂಡು ಆಸ್ಪತ್ರೆಗೆ ಒಯ್ಯಿರಿ. ವೈದ್ಯರಿಗೆ ಅದರಿಂದ ತುಂಬಾ ಉಪಯೋಗ.

ಹೀಗಾಗದಂತೆ ನೋಡಿಕೊಳ್ಳುವುದು ಕಷ್ಟವಲ್ಲ. ಪೂಜೆಗೆ ಆಗುವ ಹೂವೆಲ್ಲ ಬಾಯಿಗೆ ಆಗುವುದಿಲ್ಲ. ಕಣಗಿಲೆ, ಹಳದಿ ಕಣಗಿಲೆ ಎರಡೂ ಹೃದಯಕ್ಕೆ ವಿಷ. ದತ್ತೂರ, ಎಕ್ಕ, ಗೌರಿ ಹೂವು ಇವುಗಳನ್ನೂ ಅಡುಗೆಮನೆಗೆ ತರಬೇಡಿ. ನಂದಿಬಟ್ಟಲು ಬೆಳ್ಳಗೆ ಇರುತ್ತದೆ, ಮಕ್ಕಳು ಮಲ್ಲಿಗೆ ಅಂದುಕೊಂಡು ಕಿತ್ತು ತರಬಹುದು. ತೊಟ್ಟು ಮುರಿದು ನೋಡಿ, ಹಾಲು ಬಂದರೆ ಅದು ಮಲ್ಲಿಗೆ ಅಲ್ಲ.

ಮಾರುಕಟ್ಟೆ ಹೂವಿನ ವಿಷಯದಲ್ಲಿ ನಾನು ಸ್ವಲ್ಪ ಕಟ್ಟುನಿಟ್ಟು. ಮೈಸೂರು ಮಲ್ಲಿಗೆಗೆ ಭೌಗೋಳಿಕ ಸೂಚಕದ ಗೌರವ ಇರಬಹುದು, ಆದರೆ ಮುಡಿಯಲು ಬೆಳೆದ ಹೂವನ್ನು ತಿನ್ನಲು ಬೆಳೆದಿರುವುದಿಲ್ಲ. ಮಲ್ಲಿಗೆ ಮೊಗ್ಗಿಗೆ ಹುಳುವಿನ ಕಾಟ ಜಾಸ್ತಿ. ಅದಕ್ಕೆ ಔಷಧಿ ಹೊಡೆಯುತ್ತಾರೆ. ನೀರಲ್ಲಿ ತೊಳೆದರೆ ಅದು ಪೂರ್ತಿ ಹೋಗುವುದಿಲ್ಲ. ಮನೆಯಲ್ಲಿ ಬೆಳೆದದ್ದು, ಔಷಧಿ ಹೊಡೆದಿಲ್ಲ ಅಂತ ಖಾತ್ರಿ ಇರುವುದು, ಅಷ್ಟನ್ನು ಮಾತ್ರ ಹಾಕಿ. ನರ್ಸರಿಯಿಂದ ಹೊಸದಾಗಿ ತಂದ ಗಿಡದ ಮೊದಲ ಹೂಗಳು ದೇವರಿಗೇ ಇರಲಿ.

ಪನ್ನೀರು ಇನ್ನೊಂದು ಮೋಸದ ಜಾಗ. ಮದುವೆಮನೆಯಲ್ಲಿ ಚಿಮುಕಿಸುವ ಪನ್ನೀರು, ಮುಖಕ್ಕೆ ಹಚ್ಚುವ ರೋಸ್ ವಾಟರ್, ಅಡುಗೆಯ ಪನ್ನೀರು ಮೂರೂ ಒಂದೇ ಥರದ ಬಾಟಲಿಯಲ್ಲಿ ಬರುತ್ತವೆ. ಅಡುಗೆಯದಾದರೆ ಲೇಬಲ್ ಮೇಲೆ ಎಫ್‌ಎಸ್‌ಎಸ್‌ಎಐ (ಕೇಂದ್ರದ ಆಹಾರ ಸುರಕ್ಷತಾ ಪ್ರಾಧಿಕಾರ) ಗುರುತು ಮತ್ತು 14 ಅಂಕಿಯ ಲೈಸೆನ್ಸ್ ಸಂಖ್ಯೆ ಇರಬೇಕು. 'ಹೊರಬಳಕೆಗೆ ಮಾತ್ರ' ಅಂತಿದ್ದರೆ ಅಲ್ಲಿಗೆ ಮುಗಿಯಿತು. ಅಗರಬತ್ತಿಗೆ, ಅತ್ತರಿಗೆ ಮಾರುವ ಸುಗಂಧದ ಎಣ್ಣೆ ನಮ್ಮೂರಲ್ಲಿ ಸುಲಭವಾಗಿ ಸಿಗುತ್ತದೆ. ಎಷ್ಟೇ ಘಮ್ ಅಂದರೂ ಅದರ ಒಂದು ಹನಿಯೂ ಬೇಡ.

ಸೋಪು ತಿಂದ ಹಾಗಿದೆ

ಅತಿ ಹೆಚ್ಚು ಕೇಳಿಬರುವ ದೂರು ಇದೇ. ಇದಕ್ಕೆ ಎರಡು ಬೇರೆ ಬೇರೆ ಕಾರಣಗಳಿವೆ. ಎರಡಕ್ಕೂ ಜನ 'ಸೋಪು' ಅನ್ನುವ ಒಂದೇ ಮಾತು ಹೇಳುವುದರಿಂದ ಗೊಂದಲ.

ಮೊದಲ ಪರೀಕ್ಷೆಗೆ ಕಾಸು ಬೇಡ. ಮೂಗು ಬಿಗಿಯಾಗಿ ಹಿಡಿದುಕೊಂಡು ಒಂದು ಚೂರು ಅಗಿಯಿರಿ. ಮೂಗು ಮುಚ್ಚಿದ್ದರೂ ನಾಲಿಗೆ ಮೇಲೆ ಸೋಪಿನಂಥ, ಒಂಥರಾ ಉಪ್ಪು ಬೆರೆತ ಕಹಿ ಉಳಿದರೆ ಅದು ಸೋಡಾ. ಮೂಗು ಮುಚ್ಚಿದಾಗ ಬರೀ ಸಿಹಿ, ಬಿಟ್ಟ ತಕ್ಷಣ ಸೋಪು ಅನ್ನಿಸಿದರೆ ಅದು ಪರಿಮಳ ಹೆಚ್ಚಾಗಿರುವುದು. ಪರಿಮಳ ಗೊತ್ತಾಗುವುದು ಮೂಗಿಗೆ, ನಾಲಿಗೆಗಲ್ಲ. ಅದಕ್ಕೇ ಈ ಪರೀಕ್ಷೆ ಕೆಲಸ ಮಾಡುತ್ತದೆ.

ಸೋಡಾ ಆಗಿದ್ದರೆ ಕೇಕಿನಲ್ಲಿ ಬೇರೆ ಗುರುತುಗಳೂ ಸಿಗುತ್ತವೆ. ಮೇಲ್ಭಾಗ ಬೇಕಾದ್ದಕ್ಕಿಂತ ಕಪ್ಪಾಗಿರುತ್ತದೆ. ಒಳಗೆ ದೊಡ್ಡ ದೊಡ್ಡ ತೂತುಗಳು ಇರುತ್ತವೆ. ಸೋಡಾ ಕ್ಷಾರ. ಅದನ್ನು ತಣಿಸಲು ಮಜ್ಜಿಗೆ, ಮೊಸರು, ನಿಂಬೆರಸ, ಇಂಥ ಹುಳಿ ಏನಾದರೂ ಬೇಕು. ಒಂದು ಕಪ್ ಹುಳಿ ಮಜ್ಜಿಗೆಗೆ ಅರ್ಧ ಟೀ ಚಮಚ ಸೋಡಾ ಸಾಕು. ಹುಳಿಯೇ ಇಲ್ಲದ ಕೇಕಿಗೆ ಸೋಡಾ ಹಾಕಿದರೆ ಅದು ಹಾಗೇ ಉಳಿದು ನಾಲಿಗೆಗೆ ಸಿಗುತ್ತದೆ. ಚಮಚದ ತಲೆ ತಟ್ಟಿ ಸಮ ಮಾಡಿ ಅಳೆಯಿರಿ. ಅಡುಗೆಮನೆಯ ಊಟದ ಚಮಚದಲ್ಲಿ ಗುಡ್ಡೆಯಾಗಿ ಹಾಕುವ ಅಭ್ಯಾಸವೇ ಅರ್ಧ ತೊಂದರೆಗೆ ಕಾರಣ. ಹುಳಿ ಬೇಡ ಅನ್ನುವವರು ಸೋಡಾ ಬಿಟ್ಟು ಬೇಕಿಂಗ್ ಪೌಡರ್ ಹಾಕಲಿ, ಸೋಡಾದ ಮೂರರಷ್ಟು ಅಳತೆಯಲ್ಲಿ. ಅದರಲ್ಲಿ ಹುಳಿ ಮೊದಲೇ ಸೇರಿರುತ್ತದೆ.

ಪರಿಮಳ ಹೆಚ್ಚಾಗಿದ್ದರೆ ಕಾರಣ ಬೇರೆ. ಗುಲಾಬಿಯಲ್ಲಿರುವ ಜೆರೇನಿಯಾಲ್, ಮಲ್ಲಿಗೆಯಲ್ಲಿರುವ ಲಿನಲೂಲ್, ಇವೇ ಸೋಪಿಗೂ ಪರಿಮಳ ಕೊಡುವ ವಸ್ತುಗಳು. ದಿನಾ ಸ್ನಾನದಲ್ಲಿ ಕಂಡ ವಾಸನೆ ಬಾಯಿಗೆ ಬಂದರೆ ಮನಸ್ಸು ಸೋಪು ಅಂತಲೇ ಅನ್ನುತ್ತದೆ. ಇದಕ್ಕೆ ಮದ್ದು ಕಡಿಮೆ ಮಾಡುವುದು. ಕಾಲು ಕೆಜಿ ಮೈದಾದ ಕೇಕಿಗೆ ಪನ್ನೀರು ಒಂದರಿಂದ ಎರಡು ಟೀ ಚಮಚ ಸಾಕು. ಎಸೆನ್ಸ್ ಆದರೆ ಹನಿ ಲೆಕ್ಕ, ಎರಡರಿಂದ ಶುರು ಮಾಡಿ. ಒಂದು ಚಿಟಿಕೆ ಉಪ್ಪು, ಸ್ವಲ್ಪ ನಿಂಬೆಸಿಪ್ಪೆಯ ತುರಿ ಸೇರಿಸಿದರೆ ಸೋಪಿನ ನೆನಪು ಹಿಂದೆ ಸರಿಯುತ್ತದೆ. ಏಲಕ್ಕಿಯೂ ನಮ್ಮ ಬಾಯಿಗೆ ಇದು ತಿಂಡಿ ಅಂತ ನೆನಪಿಸುತ್ತದೆ, ಆದರೆ ಗುಲಾಬಿಯೊಂದಿಗೆ ಮಾತ್ರ. ಮಲ್ಲಿಗೆಯನ್ನು ಏಲಕ್ಕಿ ನುಂಗಿಹಾಕುತ್ತದೆ.

ಮಲ್ಲಿಗೆಗೆ ಇನ್ನೊಂದು ಗುಣವಿದೆ. ಅದರಲ್ಲಿರುವ ಇಂಡೋಲ್ ಅನ್ನುವ ವಸ್ತು ಸ್ವಲ್ಪವೇ ಇದ್ದಾಗ ಪರಿಮಳ, ಜಾಸ್ತಿಯಾದರೆ ನುಸಿಗುಳಿಗೆಯ ವಾಸನೆ. ಬಾಡಿ ಕಂದಿದ ಮಲ್ಲಿಗೆ ಹಾಕಿದರೂ ಕೆಟ್ಟ ವಾಸನೆಯೇ ಬರುತ್ತದೆ. ನಿಮ್ಮ ಕೇಕ್ 'ಬಟ್ಟೆ ಬೀರು ತೆಗೆದ ಹಾಗೆ' ವಾಸನೆ ಬಂದರೆ ಹೂವಿನ ಅಳತೆ ಅರ್ಧಕ್ಕೆ ಇಳಿಸಿ, ತಾಜಾ ಮೊಗ್ಗು ಬಳಸಿ.

ಇಷ್ಟಾದರೂ ಅನುಮಾನ ಉಳಿದರೆ ಕಲಸಿದ ಮಿಶ್ರಣದಲ್ಲಿ ಒಂದು ಸಣ್ಣ ಕಪ್ಪಿನಷ್ಟನ್ನು ಹೂವು ಹಾಕುವ ಮುಂಚೆಯೇ ತೆಗೆದಿಟ್ಟು ಪಕ್ಕದಲ್ಲೇ ಬೇಯಿಸಿ. ಅದೂ ಸೋಪಿನ ಹಾಗಿದ್ದರೆ ಹೂವಿನ ಮೇಲಿನ ಕೇಸು ವಜಾ.

ಒಳಗಿಡುವಾಗ ಘಮಘಮ, ತೆಗೆದ ಮೇಲೆ ಏನೂ ಇಲ್ಲ

ಮೊದಲು ನಿಮ್ಮ ಮೂಗನ್ನೇ ಅನುಮಾನಿಸಿ. ಸಂಜೆಯೆಲ್ಲ ಹೂವಿನ ಜೊತೆ ಕೂತವರಿಗೆ ಆ ವಾಸನೆ ಗೊತ್ತಾಗುವುದು ನಿಂತುಹೋಗಿರುತ್ತದೆ. ಹೊರಗಿನಿಂದ ಬಂದವರಿಗೆ ಒಂದು ತುಂಡು ಕೊಡಿ. ಏನು ಹಾಕಿದ್ದೀರಿ ಅಂತ ಮಾತ್ರ ಹೇಳಬೇಡಿ.

ಅವರಿಗೂ ಗೊತ್ತಾಗಲಿಲ್ಲವೇ? ಹಾಗಾದರೆ ಪರಿಮಳ ಆವಿಯ ಜೊತೆ ಹೋಗಿದೆ. ಕೇಕಿನ ಒಳಭಾಗ 100 ಡಿಗ್ರಿ ದಾಟುವುದಿಲ್ಲ, ಆದರೂ ಹೊರಬರುವ ಹಬೆ ಹೂವಿನ ವಾಸನೆಯನ್ನು ಎತ್ತಿಕೊಂಡು ಹೋಗುತ್ತದೆ. ಅಡುಗೆಮನೆ ಪೂರ್ತಿ ಘಮಘಮ ಅಂದರೆ ಖುಷಿಪಡಬೇಡಿ, ಅಷ್ಟೂ ಕೇಕಿನಿಂದ ಹೊರಗೆ ಬಂದದ್ದು. ಬಿಸ್ಕತ್ತಿನಲ್ಲಿ ಇದು ಇನ್ನೂ ಜಾಸ್ತಿ, ಅದು ತೆಳ್ಳಗೆ ಇರುತ್ತದೆ, ಪೂರ್ತಿ ಒಣಗುತ್ತದೆ. ಆದ್ದರಿಂದ ಮಿಶ್ರಣಕ್ಕೆ ಇನ್ನಷ್ಟು ಪನ್ನೀರು ಸುರಿಯುವುದು ಪರಿಹಾರವಲ್ಲ. ಹೂವನ್ನು ಬೆಂದ ಮೇಲೆ ಸೇರಿಸಬೇಕು.

ಸುಲಭದ ದಾರಿ ಸಕ್ಕರೆ ಪಾಕ. ಸಕ್ಕರೆ, ನೀರು ಸಮ ಅಳತೆ. ಕುದಿಸಿ ಇಳಿಸಿ, ಬೆಚ್ಚಗಾದ ಮೇಲೆ ಪನ್ನೀರು ಅಥವಾ ಹೂವು ಹಾಕಿ ಮುಚ್ಚಿಡಿ. ಕೇಕ್ ಇನ್ನೂ ಬೆಚ್ಚಗಿರುವಾಗ ಕಡ್ಡಿಯಲ್ಲಿ ಅಲ್ಲಲ್ಲಿ ಚುಚ್ಚಿ, ಸೋಸಿದ ಪಾಕವನ್ನು ಚಮಚದಲ್ಲಿ ಹರಡಿ. ಕೇಕ್ ಒದ್ದೆ ಮುದ್ದೆಯಾದರೆ ಪಾಕ ಹೆಚ್ಚಾಗಿದೆ ಅಂತ ಅರ್ಥ.

ಬಿಸ್ಕತ್ತಿಗೆ ಸಕ್ಕರೆಯೇ ಒಳ್ಳೆಯದು. ಡಬ್ಬಿಯಲ್ಲಿ ಸಕ್ಕರೆ ಹರಡಿ, ಅದರ ಮೇಲೆ ತೆಳು ಬಟ್ಟೆ, ಬಟ್ಟೆ ಮೇಲೆ ಮಲ್ಲಿಗೆ ಮೊಗ್ಗು. ಮುಚ್ಚಳ ಹಾಕಿ ಒಂದು ರಾತ್ರಿ ಬಿಡಿ. ಮಲ್ಲಿಗೆ ಬಿರಿಯುವುದು ಸಂಜೆ ಮೇಲೆ, ಕಿತ್ತ ಮೇಲೂ ಅದು ಪರಿಮಳ ಬಿಡುತ್ತಲೇ ಇರುತ್ತದೆ. ಆದ್ದರಿಂದ ಮಧ್ಯಾಹ್ನದ ಮೇಲೆ ಕಿತ್ತ ಗಟ್ಟಿ ಮೊಗ್ಗು ಬೇಕು. ಬೆಳಗ್ಗೆ ಅರಳಿ ಸುಸ್ತಾಗಿರುವ ಹೂವು ಹಾಕಿದರೆ ಏನೂ ಸಿಗುವುದಿಲ್ಲ. ಬೆಳಗ್ಗೆ ಹೂವು ತೆಗೆದು, ಸಕ್ಕರೆ ಪುಡಿ ಮಾಡಿ, ತಣ್ಣಗಾದ ಬಿಸ್ಕತ್ತಿನ ಮೇಲೆ ಉದುರಿಸಿ. ಸಕ್ಕರೆ ಗಂಟು ಕಟ್ಟಿದ್ದರೆ ಮೊಗ್ಗಿನಲ್ಲಿ ನೀರಿತ್ತು.

ಉಪ್ಪಿಲ್ಲದ ಬೆಣ್ಣೆಯೂ ಹೀಗೇ ಪರಿಮಳ ಹೀರುತ್ತದೆ. ಐಸಿಂಗ್ ಮಾಡುವವರಿಗೆ ಅದೇ ಸರಿ. ಕಾಯಿಸಿದ ತುಪ್ಪ ಮಾತ್ರ ಬೇಡ, ತುಪ್ಪದ ಸ್ವಂತ ವಾಸನೆ ಮಲ್ಲಿಗೆಗಿಂತ ಜೋರು. ಮಂಡ್ಯದ ಬೆಲ್ಲದ ಕೇಕಿನಲ್ಲೂ ಮಲ್ಲಿಗೆ ಹುಡುಕಬೇಡಿ. ಬೆಲ್ಲಕ್ಕೆ ಗುಲಾಬಿ ಪರವಾಗಿಲ್ಲ, ಗುಲ್ಕನ್ ಇನ್ನೂ ಚೆನ್ನ. ಮಲ್ಲಿಗೆಗೆ ಬಿಳಿ ಸಕ್ಕರೆ, ಬೆಣ್ಣೆ, ಮೈದಾ, ಇಷ್ಟೇ ಇರಲಿ. ವೆನಿಲ್ಲಾ ಕೂಡ ಬೇಡ.

ಬಣ್ಣ ಕೆಟ್ಟಿದೆ

ಕೆಂಪು ದಾಸವಾಳ ಹಾಕಿದರೆ ಕೇಕ್ ಬೂದು ಬಣ್ಣ. ಗುಲಾಬಿ ದಳ ಹಾಕಿದರೆ ಸುತ್ತ ಹಸಿರು ಮಚ್ಚೆ. ನೋಡಿದವರಿಗೆ ಬೂಷ್ಟು ಬಂದಿದೆ ಅನ್ನಿಸುತ್ತದೆ. ಬೆಂದ ದಿನವೇ ಕಂಡರೆ ಅದು ಬೂಷ್ಟಲ್ಲ, ಮತ್ತೆ ಸೋಡಾ.

ಎರಡು ಲೋಟದಲ್ಲಿ ಶಂಖಪುಷ್ಪ ನೆನೆಸಿದ ನೀಲಿ ನೀರು ಹಾಕಿ. ಒಂದಕ್ಕೆ ನಿಂಬೆರಸ ಹಿಂಡಿ, ನೇರಳೆ ಆಗುತ್ತದೆ. ಇನ್ನೊಂದಕ್ಕೆ ಸೋಡಾ ಹಾಕುತ್ತಾ ಹೋಗಿ, ಹಸಿರಿನ ಕಡೆ ತಿರುಗುತ್ತದೆ. ಮಕ್ಕಳಿಗೆ ತೋರಿಸಿದರೆ ರಜೆಯ ಒಂದು ಮಧ್ಯಾಹ್ನ ಕಳೆಯುತ್ತದೆ. ದಾಸವಾಳ, ಗುಲಾಬಿಯ ಕೆಂಪಿಗೂ ಇದೇ ಜಾತಿಯ ಬಣ್ಣ ಕಾರಣ. ಹುಳಿಯಲ್ಲಿ ಕೆಂಪು, ಕ್ಷಾರದಲ್ಲಿ ನೀಲಿ-ಹಸಿರು. ನಿಮ್ಮ ಮಿಶ್ರಣಕ್ಕೆ ಹುಳಿ ಸೇರಿಸಿ, ಸೋಡಾ ಬಿಟ್ಟು ಬೇಕಿಂಗ್ ಪೌಡರ್ ಬಳಸಿ. ಆಮೇಲೂ ಬಣ್ಣ ಮಂಕಾದರೆ ಅದು ಶಾಖದ ಕೆಲಸ. ಈ ಬಣ್ಣಗಳು ಒಲೆಯಲ್ಲಿ ನಿಲ್ಲುವುದಿಲ್ಲ, ಐಸಿಂಗಿನಲ್ಲಿ ನಿಲ್ಲುತ್ತವೆ. ಜಗಳವಾಡಿ ಪ್ರಯೋಜನವಿಲ್ಲ.

ಹಾಗಂತ ಅಂಗಡಿಯ ಲೇಬಲ್ ಇಲ್ಲದ ಗುಲಾಬಿ ಬಣ್ಣದ ಪುಡಿಗೆ ಕೈ ಹಾಕಬೇಡಿ. ಬಾಂಬೆ ಮಿಠಾಯಿಗೆ ಹಾಕುತ್ತಿದ್ದ ರೋಡಮೈನ್-ಬಿ ಬಣ್ಣವನ್ನು ಕರ್ನಾಟಕ ಸರ್ಕಾರ 2024ರ ಮಾರ್ಚ್‌ನಲ್ಲಿ ನಿಷೇಧಿಸಿದ್ದು ಸುಮ್ನೆ ಅಲ್ಲ.

ಕೇಸರಿ ಬಣ್ಣ ಬಿಡಲಿಲ್ಲ ಅಂದರೆ ಒಣ ಎಳೆಯನ್ನು ನೇರವಾಗಿ ಮಿಶ್ರಣಕ್ಕೆ ಹಾಕಿರುತ್ತೀರಿ. ಬೆಚ್ಚಗಿನ ಹಾಲಲ್ಲಿ ಅರ್ಧ ಗಂಟೆ ನೆನೆಯಲಿ. ನಿಜವಾದ ಕೇಸರಿ ನಿಧಾನವಾಗಿ ಹಳದಿ ಬಿಡುತ್ತದೆ, ಎಳೆ ಕೆಂಪಾಗೇ ಉಳಿಯುತ್ತದೆ. ಹಾಕಿದ ಕ್ಷಣ ಕೆಂಪು ನೀರು ಬಂದು ಎಳೆ ಬಿಳಿಚಿಕೊಂಡರೆ ಅದು ಬಣ್ಣ ಬಳಿದ ಕಡ್ಡಿ. ಎಸೆಯಿರಿ.

ಕಹಿ, ಒಗರು

ಗುಲಾಬಿ ದಳದ ಬುಡದಲ್ಲಿರುವ ಬಿಳಿ ಭಾಗವನ್ನು ಕತ್ತರಿಸಿದ್ದೀರಾ? ಕಹಿ ಇರುವುದು ಅಲ್ಲೇ. ಹಸಿರು ತೊಟ್ಟು, ಒಳಗಿನ ಕೇಸರಗಳು, ಪರಾಗ ಎಲ್ಲ ತೆಗೆಯಬೇಕು. ಪರಾಗದ ಅಲರ್ಜಿ ಇರುವವರಿಗೂ ಇದು ಮುಖ್ಯ. ಅದು ಸರಿಯಿದ್ದರೆ ಹೂವನ್ನು ಹಾಲಲ್ಲಿ ಕುದಿಸಿದಿರಾ ನೋಡಿ. ಟೀಪುಡಿಯನ್ನು ಜಾಸ್ತಿ ಕುದಿಸಿದರೆ ಒಗರು ಬರುವ ಹಾಗೆ ಇಲ್ಲೂ ಬರುತ್ತದೆ. ಕಾಯಿಸಿ ಆರಿಸಿದ ಹಾಲಿಗೆ ಹೂವು ಹಾಕಿ ಫ್ರಿಜ್ಜಿನಲ್ಲಿಡಿ, ಬೆಳಗ್ಗೆ ಸೋಸಿ. ಹಾಲು, ಕ್ರೀಮ್ ಇವನ್ನು ಹೂವಿನ ಜೊತೆ ರಾತ್ರಿಯೆಲ್ಲ ಹೊರಗೆ ಬಿಡುವುದು ಬೇಡ, ಕೆಟ್ಟುಹೋಗುತ್ತದೆ.

ದಾಸವಾಳ ಅರೆದು ಹಾಕಿದ ಕೇಕ್ ಅಂಟಂಟಾಗಿದ್ದರೆ ಅದರ ಲೋಳೆ ಕಾರಣ. ತಲೆಗೆ ಹಚ್ಚುವಾಗ ಬೇಕಾದ ಗುಣ ಕೇಕಿಗೆ ಬೇಡ. ಅರೆಯಬೇಡಿ, ದಳ ನೆನೆಸಿದ ನೀರನ್ನಷ್ಟೇ ಬಳಸಿ.

ನಡುವೆ ಕುಸಿದಿದೆ, ಗುಲ್ಕನ್ ತಳಕ್ಕೆ ಹೋಗಿದೆ

ಗುಲ್ಕನ್‌ನಲ್ಲಿ ಅರ್ಧಕ್ಕೂ ಹೆಚ್ಚು ಸಕ್ಕರೆ. ಎರಡು ದೊಡ್ಡ ಚಮಚ ಗುಲ್ಕನ್ ಹಾಕಿದರೆ ಪಾಕವಿಧಾನದ ಸಕ್ಕರೆಯಲ್ಲಿ ಒಂದು ದೊಡ್ಡ ಚಮಚ ಕಡಿಮೆ ಮಾಡಿ. ಸಕ್ಕರೆ ಜಾಸ್ತಿಯಾದ ಕೇಕ್ ಉಬ್ಬಿ ಆಮೇಲೆ ಕುಸಿಯುತ್ತದೆ. ರಸ ಸೋಸಿ, ಉಳಿದದ್ದನ್ನು ಒಂದು ಚಮಚ ಮೈದಾದಲ್ಲಿ ಹೊರಳಿಸಿ ಕೊನೆಯಲ್ಲಿ ಸೇರಿಸಿದರೆ ತಳಕ್ಕೆ ಇಳಿಯುವುದು ಕಡಿಮೆ.

ಬೇಕಿಂಗ್ ಪೌಡರ್ ಹಳೆಯದಾಗಿರಬಹುದು. ಅರ್ಧ ಲೋಟ ಬಿಸಿನೀರಿಗೆ ಒಂದು ಟೀ ಚಮಚ ಹಾಕಿ, ಜೋರಾಗಿ ನೊರೆ ಬರದಿದ್ದರೆ ಹೊಸ ಡಬ್ಬಿ ತನ್ನಿ. ಸೋಡಾವನ್ನು ನಿಂಬೆರಸದಲ್ಲಿ ಹೀಗೇ ನೋಡಿ. ಮೊದಲ 20 ನಿಮಿಷದಲ್ಲಿ ಬಾಗಿಲು ತೆಗೆದು ಇಣುಕುವವರ ಕೇಕೂ ಕುಸಿಯುತ್ತದೆ. ಇನ್ನು ಕೆಲವರು 'ನಮ್ಮೂರು ಎತ್ತರದಲ್ಲಿದೆ, ಅದಕ್ಕೇ' ಅನ್ನುತ್ತಾರೆ. ಮೈಸೂರು ಸಮುದ್ರಮಟ್ಟದಿಂದ ಸುಮಾರು 770 ಮೀಟರ್ ಎತ್ತರದಲ್ಲಿದೆ, ನಿಜ. ಆದರೆ ಆ ಎತ್ತರಕ್ಕೆ ಕೇಕಿನ ಅಳತೆ ಬದಲಿಸಬೇಕಿಲ್ಲ. ಆ ನೆಪ ಮಡಿಕೇರಿಯವರಿಗೆ ಬಿಡಿ.

ಎರಡನೇ ದಿನಕ್ಕೆ ಬೂಷ್ಟು, ಹುಳಿ ವಾಸನೆ

ಹಸಿ ದಳ ಅಂಟಿಸಿದ ಕೇಕ್ ಅದೇ ದಿನದ್ದು. ಆಷಾಢದ ಮಳೆಯಲ್ಲಿ ಇನ್ನೂ ಬೇಗ ಕೆಡುತ್ತದೆ. ಬೂಷ್ಟು ಕಂಡ ಭಾಗ ಮಾತ್ರ ಕತ್ತರಿಸಿ ಉಳಿದದ್ದು ತಿನ್ನುವುದು ಬೇಡ, ಅದರ ಬೇರು ಕಣ್ಣಿಗೆ ಕಾಣದಷ್ಟು ಒಳಗೆ ಹೋಗಿರುತ್ತದೆ. ಪೂರ್ತಿ ಎಸೆಯಿರಿ. ದಳ ಇಡಲೇಬೇಕು ಅಂದರೆ ಕೈಯಲ್ಲಿ ಹಿಡಿದರೆ ಪುಡಿಯಾಗುವಷ್ಟು ಒಣಗಿಸಿ. ಕೇಕ್ ಪೂರ್ತಿ ಆರುವ ಮುಂಚೆ ಡಬ್ಬಿ ಮುಚ್ಚಬೇಡಿ.

ಮೇಲೆ ಕಪ್ಪು, ಒಳಗೆ ಹಸಿ

ಇದು ಒಲೆಯ ತೊಂದರೆ. ಹೂವಿನ ಕೇಕಿನಲ್ಲಿ ಬೇಗ ಕಾಣುವುದಕ್ಕೆ ಕಾರಣವಿದೆ: ಗುಲ್ಕನ್, ಪಾಕ, ಒಣದಳ ಎಲ್ಲವೂ ಸಾದಾ ಮೈದಾಗಿಂತ ಬೇಗ ಸೀಯುತ್ತವೆ. ಒಣದಳವನ್ನು ಬೇಯಿಸುವ ಮುಂಚೆ ಮೇಲೆ ಉದುರಿಸಬೇಡಿ. ಟಿನ್ ಅನ್ನು ನಡುವಿನ ತಟ್ಟಿಗೆ ಇಳಿಸಿ. 180 ಇದ್ದರೆ 160 ಡಿಗ್ರಿಗೆ ತಂದು ಹೊತ್ತು ಹೆಚ್ಚಿಸಿ. ಮೇಲಿನ ಕಾಯಿಲ್ ಆಫ್ ಮಾಡುವ ಗುಂಡಿ ಇದ್ದರೆ ಮೊದಲ ಅರ್ಧ ಹೊತ್ತು ಕೆಳಗಿನದು ಮಾತ್ರ ಉರಿಯಲಿ.

ಗುಂಡಿ ಮೇಲಿನ ಅಂಕಿ ನಿಜವೇ ಅಂತ ತಿಳಿಯಲು ಒಂದು ಚಮಚ ಸಕ್ಕರೆ ಸಾಕು. ಸಕ್ಕರೆ ಕರಗುವುದು ಸುಮಾರು 186 ಡಿಗ್ರಿಗೆ. ಫಾಯಿಲ್ ಮೇಲೆ ಸಕ್ಕರೆ ಹರಡಿ, ಚೆನ್ನಾಗಿ ಕಾದ ಒಲೆಯಲ್ಲಿ 175ಕ್ಕೆ ಇಟ್ಟು ಕಾಲು ಗಂಟೆ ಬಿಡಿ. ಕರಗಿದರೆ ನಿಮ್ಮ ಒಲೆ ಹೇಳುವುದಕ್ಕಿಂತ ಬಿಸಿ. ಇನ್ನೊಂದು ಸಲ 190ಕ್ಕೆ ಇಡಿ. ಆಗಲೂ ಕರಗದಿದ್ದರೆ ಒಲೆ ತಣ್ಣಗಿದೆ. ಕರಗಿದ ಸಕ್ಕರೆ ಚರ್ಮಕ್ಕೆ ಅಂಟಿದರೆ ಬೊಬ್ಬೆ ಖಂಡಿತ, ಆರುವ ತನಕ ಮುಟ್ಟಬೇಡಿ. ಇದಕ್ಕಿಂತ ಸ್ವಲ್ಪ ಖರ್ಚಿನದು, ಒಳಗಿಡುವ ಥರ್ಮಾಮೀಟರ್. ಪದೇ ಪದೇ ಬೇಕ್ ಮಾಡುವವರು ತೆಗೆದುಕೊಳ್ಳಬಹುದು.

ಬೆಳಗ್ಗೆ ಸರಿಯಾಗಿ ಬೇಯುವುದು ಸಂಜೆ ಬೇಯುತ್ತಿಲ್ಲವೇ? ಫ್ರಿಜ್ಜಿನ ಸ್ಟೆಬಿಲೈಜರ್ ಮೇಲಿನ ಅಂಕಿ ನೋಡಿ. ಹಳ್ಳಿ ಕಡೆ ಸಂಜೆ ಹೊತ್ತು ವೋಲ್ಟೇಜ್ ಇಳಿಯುತ್ತದೆ. 230 ಇರಬೇಕಾದ್ದು 200ಕ್ಕೆ ಬಂದರೆ ಕಾಯಿಲ್‌ನ ಶಾಖ ಸುಮಾರು ಕಾಲು ಭಾಗ ಕಡಿಮೆಯಾಗುತ್ತದೆ. ಕಾಯಿಸುವ ಹೊತ್ತು ಹೆಚ್ಚಿಸಿ, ಇಲ್ಲವೇ ಬೆಳಗ್ಗೆಯೇ ಮಾಡಿ.

ಒಟಿಜಿ ಇಲ್ಲದೆ ಕುಕ್ಕರಿನಲ್ಲಿ ಮಾಡುವವರು ಗ್ಯಾಸ್ಕೆಟ್ ಮತ್ತು ವೆಯ್ಟ್ ಎರಡನ್ನೂ ತೆಗೆದಿರಬೇಕು. ತಳದಲ್ಲಿ ಉಪ್ಪು ಅಥವಾ ಮರಳು ಹಾಕಿ, ಉರಿ ಸಣ್ಣಗಿರಲಿ. ನಿಜಕ್ಕಾದರೆ ಬೇಳೆ ಬೇಯಿಸುವ ಕುಕ್ಕರನ್ನು ಹೀಗೆ ನೀರಿಲ್ಲದೆ ಕಾಯಿಸುವುದು ನನಗೆ ಸರಿ ಕಾಣುವುದಿಲ್ಲ, ಹಳೆಯ ದಪ್ಪ ತಳದ ಪಾತ್ರೆ ಸಾಕು.

ಇಲ್ಲಿಂದ ಮುಂದೆ ಒಟಿಜಿಯನ್ನು ನೀವಾಗಿ ಬಿಚ್ಚಬೇಡಿ. ಪ್ಲಗ್ ಮುಟ್ಟಿದರೆ ಬಿಸಿ, ಪ್ಲಾಸ್ಟಿಕ್ ಸುಟ್ಟ ವಾಸನೆ, ಒಟಿಜಿಯ ಮೈ ಮುಟ್ಟಿದರೆ ಜುಂ ಅನ್ನುವುದು, ಒಂದು ಕಾಯಿಲ್ ಕೆಂಪಾಗದೇ ಇರುವುದು, ಇವುಗಳಲ್ಲಿ ಯಾವುದು ಕಂಡರೂ ಮೇನ್ ಸ್ವಿಚ್ ಆಫ್ ಮಾಡಿ, ಪ್ಲಗ್ ತೆಗೆದು, ಎಲೆಕ್ಟ್ರಿಷಿಯನ್ ಕರೆಸಿ. ಹಳೆಯ ಮನೆಗಳಲ್ಲಿ ಅಡುಗೆಮನೆಗೆ 6 ಆಂಪಿಯರ್ ಸಾಕೆಟ್ ಮಾತ್ರ ಇರುವುದು ಸಾಮಾನ್ಯ. 1500 ವ್ಯಾಟಿನ ಒಟಿಜಿಗೇ ಆರೂವರೆ ಆಂಪಿಯರ್ ಬೇಕು. ಅಡಾಪ್ಟರ್ ಸಿಕ್ಕಿಸಿ ಓಡಿಸಬೇಡಿ, ಅರ್ತಿಂಗ್ ಇರುವ 16 ಆಂಪಿಯರ್ ಪಾಯಿಂಟ್ ಹಾಕಿಸಿ. ಸಕ್ಕರೆ ಪರೀಕ್ಷೆಯಲ್ಲಿ ಒಲೆ ಪ್ರತಿ ಸಲ ಬೇರೆ ಬೇರೆ ಫಲಿತಾಂಶ ಕೊಡುತ್ತಿದ್ದರೆ ಶಾಖ ಹತೋಟಿಯಲ್ಲಿಡುವ ಥರ್ಮೋಸ್ಟಾಟ್ ಹೋಗಿದೆ. ವಾರಂಟಿ ಇದ್ದರೆ ಸರ್ವಿಸ್ ಸೆಂಟರಿಗೆ ಕೊಡಿ. ಅದು ಬರುವವರೆಗೆ ಒಲೆ ಬೇಡದ ಮಲ್ಲಿಗೆ ಸಕ್ಕರೆ, ಗುಲಾಬಿ ಪಾಕ ಮಾಡಿಟ್ಟುಕೊಳ್ಳಬಹುದು. ಪಾಕ ಫ್ರಿಜ್ಜಿನಲ್ಲಿ ಒಂದು ವಾರ ಇರುತ್ತದೆ.